ಮರಗಟ್ಟದ ದವಡೆ

ಕೆಳದವಡೆಯ ಹಲ್ಲು ಕೀಳುವ ಮೊದಲು ನಾನು ಪ್ರತಿಯೊಬ್ಬರನ್ನೂ ಕೇಳುವ ಮಾತು ಒಂದೇ. "ತುಟಿ ದಪ್ಪ ಆದಂಗೆ ಅನ್ಸುತ್ತಾ?" ಹೌದು ಅಂದರೆ ಇಂಜೆಕ್ಷನ್ ಹಿಡಿದಿದೆ, ಇಕ್ಕಳ ಕೈಗೆತ್ತಿಕೊಳ್ಳಬಹುದು. ಓದುವಾಗ ಹಾಗೆ ಕಲಿಸಿದ್ದರು. ಮಧುಗಿರಿಯಲ್ಲಿ ಕ್ಲಿನಿಕ್ಕು ತೆರೆದ ಮೇಲೆ ಒಂಬತ್ತು ವರ್ಷ ನಾನೂ ಹಾಗೇ ನಡೆಸಿಕೊಂಡು ಬಂದೆ. ತುಟಿ ದಪ್ಪವಾಗಿದ್ದರೂ ಹಲ್ಲಿನ ಬೇರು ಎಚ್ಚರವಾಗಿಯೇ ಇರಬಹುದು ಎಂಬ ಸಂಗತಿ ಪುಸ್ತಕದಲ್ಲಿ ಇತ್ತು. ಪರೀಕ್ಷೆಯಲ್ಲಿ ಅದಕ್ಕೆ ಒಂದು ಪುಟದ ಉತ್ತರ ಬರೆದಿದ್ದೆ. ಆಮೇಲೆ ಮರೆತೆ.

ಅದನ್ನು ನನಗೆ ಮತ್ತೆ ಕಲಿಸಿದವರು ಪುರವರದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು.

ಆ ದಿನ ನಾನು ಆ ಶಾಲೆಗೆ ಹೋಗಿದ್ದು ಮಕ್ಕಳ ಹಲ್ಲು ನೋಡಲು. ವರ್ಷಕ್ಕೊಮ್ಮೆ ತಾಲ್ಲೂಕಿನ ನಾಲ್ಕೈದು ಶಾಲೆಗಳಿಗೆ ಹೋಗುವುದು ನಾನಾಗಿಯೇ ಹಚ್ಚಿಕೊಂಡ ಕೆಲಸ. ಜಗುಲಿಯ ಮೇಲೆ ಒಂದು ಕುರ್ಚಿ, ಕೈಯಲ್ಲಿ ಟಾರ್ಚು, ಸಾಲಾಗಿ ನಿಂತ ಮಕ್ಕಳು. ಬಾಯಿ ಬಿಟ್ಟರೆ ನಗು ಬರುತ್ತಿತ್ತು ಅವರಿಗೆ. ಮಧ್ಯಾಹ್ನದ ಹೊತ್ತಿಗೆ ಎಲ್ಲರನ್ನೂ ನೋಡಿ ಮುಗಿಸಿ ಮೇಷ್ಟ್ರುಗಳ ಜೊತೆ ಊಟಕ್ಕೆ ಕುಳಿತೆ. ಅನ್ನ, ನುಗ್ಗೇಕಾಯಿ ಸಾಂಬಾರು. ಬಡಿಸುತ್ತಿದ್ದವರು ಇಬ್ಬರು ಅಡುಗೆಯವರು. ಒಬ್ಬಾಕೆ ಅರವತ್ತರ ಹತ್ತಿರದವರು, ಮಾತುಗಾರ್ತಿ. ಇನ್ನೊಬ್ಬಾಕೆ ಐವತ್ತರ ಆಸುಪಾಸು, ತೆಳ್ಳಗೆ, ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು ಮಾತಿಲ್ಲದೆ ಸೌಟು ಆಡಿಸುತ್ತಿದ್ದರು. ನನ್ನ ತಟ್ಟೆಗೆ ಬಡಿಸುವಾಗ ನನ್ನ ಮುಖ ನೋಡಲಿಲ್ಲ.

ಸಾಂಬಾರು ಚೆನ್ನಾಗಿತ್ತು. ಹಾಗೆಂದು ಹೇಳಿದೆ. ಹಿರಿಯಾಕೆ ಅದನ್ನೇ ಕಾಯುತ್ತಿದ್ದವರಂತೆ, "ಮಾಡಿದೋಳು ಇವ್ಳೇ ಕಣಮ್ಮ. ಆದ್ರೆ ಮಾಡಿದ್ದನ್ನ ಇವ್ಳು ಉಣ್ಣಂಗಿಲ್ಲ. ಎರಡು ತಿಂಗ್ಳಾಯ್ತು, ಅನ್ನಾನ ಕೈಯಾಗೆ ಹಿಸುಕ್ಕೊಂಡು ನುಂಗ್ತವ್ಳೆ. ಹಲ್ಲು ನೋವು. ಒಸಿ ನೋಡಿ" ಎಂದರು.

"ಸುಮ್ಕಿರಕ್ಕ, ಏನೂ ಇಲ್ಲ" ಎಂದು ಕಿರಿಯಾಕೆ ಅನ್ನದ ಪಾತ್ರೆ ಎತ್ತಿಕೊಂಡು ಹೊರಟೇಬಿಟ್ಟರು.

ಊಟವಾದ ಮೇಲೆ ನಾನೇ ಅಡುಗೆಮನೆಗೆ ಹೋದೆ. ಆಕೆ ಪಾತ್ರೆ ತೊಳೆಯುತ್ತಿದ್ದರು. ಒಮ್ಮೆ ನೋಡ್ತೀನಿ ಅಷ್ಟೆ, ಏನೂ ಮಾಡಲ್ಲ, ಕೈಯಲ್ಲಿ ಟಾರ್ಚ್ ಬಿಟ್ಟರೆ ಬೇರೇನೂ ಇಲ್ಲ ನೋಡಿ ಎಂದು ಎರಡೂ ಕೈ ತೋರಿಸಿದೆ. ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಾಗಿಲ ಬೆಳಕಿಗೆ ಬಂದು ಬಾಯಿ ತೆರೆದರು.

ಎಡಗಡೆ ಕೆಳಗೆ, ಹಿಂದಿನಿಂದ ಎರಡನೆಯ ದವಡೆಹಲ್ಲು ಅರ್ಧಕ್ಕೆ ಮುರಿದು ಒಳಗೆಲ್ಲ ಕೊಳೆತಿತ್ತು. ಪಕ್ಕದ ಒಸಡು ಊದಿತ್ತು. ಬಲಗಡೆ ಅದೇ ಜಾಗದಲ್ಲಿ ಹಲ್ಲೇ ಇರಲಿಲ್ಲ. ಒಸಡು ಚೆನ್ನಾಗಿ ಮಾಗಿತ್ತು. ಅಂದರೆ ಆಕೆ ಯಾವ ಕಡೆಯೂ ಅಗಿಯುವಂತಿರಲಿಲ್ಲ.

"ಬಲಗಡೇದು ಯಾವಾಗ ತೆಗೆಸಿದ್ರಿ?"

"ಎರಡು ವರ್ಸಾಯ್ತು."

"ಎಲ್ಲಿ?"

"ಮದ್ಗಿರೀಲಿ."

"ಮಧುಗಿರೀಲಿ ಯಾರ ಹತ್ರ?"

ಆಕೆ ನೆಲ ನೋಡಿದರು. "ನಿಮ್ಮತ್ರಾನೇ ಕಣಮ್ಮ."

ನನಗೆ ಆಕೆಯ ಮುಖದ ಗುರುತು ಕೂಡ ಇರಲಿಲ್ಲ. "ಹಾಗಾದ್ರೆ ಇದಕ್ಕೂ ಬರಬಹುದಿತ್ತಲ್ಲಮ್ಮ, ಯಾಕೆ ಬರಲಿಲ್ಲ?" ಎಂದು ಕೇಳಿದೆ. ಕೇಳಬಾರದಿತ್ತು. ಆದರೆ ಕೇಳಿದ್ದರಿಂದಲೇ ಗೊತ್ತಾಯಿತು.

ಆಕೆ ಸಿಟ್ಟಿನಿಂದೇನೂ ಹೇಳಲಿಲ್ಲ. ಎಂದೋ ಆಗಿಹೋದ ಒಂದು ಸಂಗತಿ ಹೇಳುವಂತೆ ಹೇಳಿದರು. ಅವತ್ತು ಸಂತೆ. ಮಹಡಿ ಮೆಟ್ಟಿಲ ತನಕ ಜನ. ನಾನು ಸೂಜಿ ಚುಚ್ಚಿದೆ, ತುಟಿ ದಪ್ಪ ಆಯ್ತಾ ಎಂದು ಕೇಳಿದೆ, ಆಕೆ ಹೂಂ ಅಂದರು. ಇಕ್ಕಳ ಹಾಕಿದ ಕೂಡಲೇ ನೋಯ್ತದೆ ಅಂದರು. ಅದು ನೋವಲ್ಲಮ್ಮ, ಒತ್ತೋದು ಅಷ್ಟೆ ಅಂದೆ. ಮತ್ತೆ ನೋಯ್ತದೆ ಅಂದರು. ಇಷ್ಟು ದೊಡ್ಡೋರಾಗಿ ಹೀಗೆ ಹೆದರ್ತಾರಾ, ಆಗೋಯ್ತು ಅಂದೆ. ಮೂರನೇ ಸಲ ಆಕೆ ಹೇಳಲಿಲ್ಲ.

"ಮೂರು ಹೆತ್ತೋಳಮ್ಮ ನಾನು" ಎಂದರು. "ನೋವು ಯಾವ್ದು, ಒತ್ತೋದು ಯಾವ್ದು ಅಂತ ನಂಗೆ ಗೊತ್ತಾಗಾಕಿಲ್ವಾ? ನೀವು ಯೋಳಿದ್ ಮ್ಯಾಲೆ ನಂಗೇ ಅನುಮಾನ ಬಂತು. ಓದಿದೋರು ಯೋಳ್ತವ್ರೆ, ನಾನೇ ಎಲ್ಲೋ ಹೆದ್ರುಪುಕ್ಲಿ ಅಂದ್ಕಂಡೆ. ಎದೆ ಡವಡವ ಅಂತಿತ್ತು. ಮನೇಗೆ ಹೋಗಿ ಎರಡು ದಿನ ಮಲಿಕ್ಕಂಬುಟ್ಟೆ."

ಹಿರಿಯಾಕೆ ಬಂದು ಉಳಿದ ಪಾತ್ರೆಗಳನ್ನು ಉಜ್ಜತೊಡಗಿದರು.

ಸಂಜೆ ಕ್ಲಿನಿಕ್ಕಿಗೆ ಬಂದವಳು ಹಳೆಯ ರಿಜಿಸ್ಟರ್ ತೆಗೆದು ಆಕೆಯ ಹೆಸರು ಹುಡುಕಿದೆ. ಸಿಕ್ಕಿತು. ನನ್ನದೇ ಅಕ್ಷರ. ಬಲ ಕೆಳದವಡೆ ಹಲ್ಲು ತೆಗೆಯಲಾಗಿದೆ, ತೊಂದರೆ ಏನೂ ಇಲ್ಲ ಎಂದು ಬರೆದಿದ್ದೆ. ಅವತ್ತು ಆಕೆಯ ಹೆಸರಿನ ಮೇಲೆ ಕೆಳಗೆ ಹದಿನೆಂಟು ಹೆಸರುಗಳಿದ್ದವು. ಅಷ್ಟೊಂದು ಜನರನ್ನು ಒಂದೇ ದಿನ ನೋಡಿದೆನಲ್ಲ ಎಂದು ಆ ದಿನ ಹೆಮ್ಮೆ ಪಟ್ಟಿರಬೇಕು ನಾನು. ನನ್ನ ಕೈ ಚುರುಕು ಎಂದು ಊರಲ್ಲಿ ಹೆಸರಿತ್ತು. ಆ ಹೆಸರು ಬಂದದ್ದು ಹೇಗೆ ಎಂದು ಮೊದಲ ಸಲ ಯೋಚಿಸಿದೆ.

ಓದು ಮುಗಿದ ಮೇಲೆ ಒಂದು ವರ್ಷ ನಾನು ಶಿರಾದಲ್ಲಿ ಒಬ್ಬ ಹಿರಿಯ ದಂತವೈದ್ಯರ ಕೈಕೆಳಗೆ ಕೆಲಸ ಕಲಿತಿದ್ದೆ. ಕಷ್ಟದ ಕೇಸು ಬಂದಾಗ ಈಗಲೂ ಅವರನ್ನೇ ಕೇಳುತ್ತೇನೆ. ಸಾಮಾನ್ಯವಾಗಿ ಫೋನು ಸಾಕು. ಈ ಮಾತನ್ನು ಫೋನಿನಲ್ಲಿ ಹೇಳಲು ಮನಸ್ಸಾಗದೆ ಭಾನುವಾರ ಬಸ್ಸು ಹತ್ತಿ ಶಿರಾಕ್ಕೆ ಹೋದೆ. ಪೇಟೆಯ ಒಳಗಿನ ಗಲ್ಲಿಯಲ್ಲಿ, ಎರಡು ಅಂಗಡಿಗಳ ನಡುವೆ ಅವರ ಚಿಕ್ಕ ಕ್ಲಿನಿಕ್ಕು. ಗಡ್ಡ ಪೂರ್ತಿ ಬೆಳ್ಳಗಾಗಿದೆ, ಕೈ ಮಾತ್ರ ಒಂದು ಚೂರೂ ನಡುಗುವುದಿಲ್ಲ.

"ಬಾ ಬೇಟಿ, ಮೊದಲು ಚಾ ಕುಡಿ" ಎಂದರು. ಕುಡಿದೆ. ಎಲ್ಲ ಹೇಳಿದೆ.

"ಯಾವ ಮದ್ದು ಹಾಕಿದ್ದೆ?"

"ಲಿಗ್ನೋಕೇನ್ ಸರ್. ಅಡ್ರಿನಲಿನ್ ಸೇರಿಸಿರೋದು. ಯಾವಾಗ್ಲೂ ಹಾಕೋದು ಅದೇ."

"ಎಷ್ಟು ಹೊತ್ತು ಕಾದೆ?"

"ತುಟಿ ದಪ್ಪ ಆಯ್ತು ಅಂದ್ರು."

"ನಾನು ಕೇಳಿದ್ದು ಅದಲ್ಲ."

ಐದು ನಿಮಿಷ ಇರಬಹುದು ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ನೋಡು, ಮದ್ದು ಕೆಟ್ಟದ್ದಲ್ಲ" ಎಂದು ಶುರು ಮಾಡಿದರು. "ಹತ್ತು ಜನದಲ್ಲಿ ಎಂಟೊಂಬತ್ತು ಜನಕ್ಕೆ ಅದೇ ಸಾಕು ಅಂತ ನಮ್ಮ ಅನುಭವ. ಉಳಿದವರನ್ನ ಏನು ಮಾಡ್ತೀಯ, ಡಾಕ್ಟರಿ ಇರೋದು ಅಲ್ಲಿ. ಕೀವು ಇದ್ದ ಕಡೆ ಒಸಡು ಹುಳಿಯಾಗಿರುತ್ತೆ, ಅಲ್ಲಿ ಯಾವ ಮದ್ದೂ ಸರಿಯಾಗಿ ಹಿಡಿಯಲ್ಲ. ಮೊದಲು ಮಾತ್ರೆ ಕೊಟ್ಟು ಅದನ್ನ ಇಳಿಸು. ಕೆಲವರಿಗೆ ನಾಲಿಗೆ ಕಡೆಯಿಂದ ಇನ್ನೊಂದು ಎಳೆ ನರ ಬಂದು ಹಲ್ಲಿಗೆ ಸೇರಿರುತ್ತೆ. ಹಿಂದೆ ಚುಚ್ಚಿದ ಸೂಜಿ ಅದನ್ನ ಮುಟ್ಟೋದೇ ಇಲ್ಲ. ಇನ್ನು ಕೆಲವರಿಗೆ ಯಾಕೆ ಹಿಡಿಯಲ್ಲ ಅಂತ ಅಲ್ಲಾಹನಿಗೇ ಗೊತ್ತು. ಅವರು ಸುಳ್ಳು ಹೇಳ್ತಿಲ್ಲ, ಅಷ್ಟು ಗೊತ್ತಿದ್ರೆ ಸಾಕು."

ಆಕೆಗೆ ಬಿಪಿ ಇದೆಯೇ ಎಂದು ಕೇಳಿದರು. ಆ ದಿನ ಶಾಲೆಯಲ್ಲಿ ಕೇಳಿ ತಿಳಿದುಕೊಂಡಿದ್ದೆ. ಇತ್ತು, ಮಾತ್ರೆ ನುಂಗುತ್ತಿದ್ದರು. ಎರಡು ವರ್ಷದ ಹಿಂದೆ ಅದನ್ನೂ ನಾನು ಕೇಳಿರಲಿಲ್ಲ. ಅಡ್ರಿನಲಿನ್ ಜೋಮನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ, ಆದರೆ ಎದೆಬಡಿತವನ್ನೂ ಬಿಪಿಯನ್ನೂ ಏರಿಸಬಲ್ಲದು.

"ಹಾಗಾದರೆ ಅಡ್ರಿನಲಿನ್ ಇಲ್ಲದ ಸಾದಾ ಲಿಗ್ನೋಕೇನ್ ಹಾಕಲಾ ಸರ್?"

"ಹಾಕಬಹುದು. ಎದೆಗೆ ನಿರಾಳ. ಆದರೆ ಅದು ಬಂದ ಹಾಗೇ ಹೊರಟುಹೋಗುತ್ತೆ, ಆಳಕ್ಕೂ ಇಳಿಯಲ್ಲ. ಮೊದಲೇ ಹಿಡಿಯದ ದವಡೆ. ಅರ್ಧದಲ್ಲಿ ಜೋಮು ಬಿಟ್ಟುಹೋದರೆ ನೋವಿಗೇ ಬಿಪಿ ಏರುತ್ತೆ. ಬಿಪಿ ಹತೋಟಿಯಲ್ಲಿದ್ದರೆ ಅಡ್ರಿನಲಿನ್ ಇರೋದನ್ನೇ ಕಡಿಮೆ ಹಾಕು, ನಿಧಾನಕ್ಕೆ ಹಾಕು. ಚುಚ್ಚಿದ ಮೇಲೆ, ಮದ್ದು ಬಿಡೋ ಮುಂಚೆ ಹಿಂದಕ್ಕೆ ಎಳೆದು ರಕ್ತ ಬರ್ತದಾ ನೋಡು."

ನಾನು ಆರ್ಟಿಕೇನ್ ಬಗ್ಗೆ ಕೇಳಿದೆ. ಅದು ಲಿಗ್ನೋಕೇನಿಗಿಂತ ಚುರುಕು, ಮೂಳೆಯೊಳಗೆ ಚೆನ್ನಾಗಿ ಇಳಿಯುತ್ತದೆ. ನನ್ನ ಜೊತೆ ಓದಿದವರು ಕೆಲವರು ಈಗ ಅದನ್ನೇ ಬಳಸುತ್ತಾರೆ.

"ಒಳ್ಳೇ ಮದ್ದು. ಹಲ್ಲಿನ ಪಕ್ಕದ ಒಸಡಿಗೆ ಹಾಕು. ದವಡೆಯ ಹಿಂದೆ ನರದ ಬುಡಕ್ಕೆ ಮಾತ್ರ ಅದನ್ನ ಹಾಕಬೇಡ. ಎಲ್ಲೋ ಒಬ್ಬರಿಗೆ ನಾಲಿಗೆ ಜೋಮು ತಿಂಗಳುಗಟ್ಟಲೆ ಉಳಿದುಬಿಡುತ್ತೆ ಅಂತಾರೆ. ಹೌದು ಅನ್ನೋರೂ ಇದ್ದಾರೆ, ಅಲ್ಲ ಅನ್ನೋರೂ ಇದ್ದಾರೆ. ಆದರೆ ಇವರು ನಾಲಿಗೆಯಿಂದ ದುಡಿಯೋ ಹೆಂಗಸು ಬೇಟಿ, ಉಪ್ಪು ಹುಳಿ ನೋಡೋದೇ ಕೆಲಸ. ನಾವು ಯಾಕೆ ಆ ಜೂಜು ಆಡಬೇಕು? ಹಿಂದಕ್ಕೆ ಲಿಗ್ನೋಕೇನ್, ಪಕ್ಕಕ್ಕೆ ಆರ್ಟಿಕೇನ್. ಆಗಲೂ ಬೇರು ಎಚ್ಚರ ಇದ್ದರೆ ಸಣ್ಣ ಸೂಜಿ ತಗೊಂಡು ಹಲ್ಲಿಗೂ ಮೂಳೆಗೂ ನಡುವಿನ ಸಂದಿಗೆ ನಾಲ್ಕು ಹನಿ ಬಿಡು."

ದಿನವಿಡೀ ಜೋಮು ಉಳಿಸುವ ಇನ್ನೊಂದು ಮದ್ದಿದೆ, ಬ್ಯುಪಿವಕೇನ್. ಹಲ್ಲು ಕಿತ್ತ ಮೇಲಿನ ನೋವು ಸಂಜೆ ತನಕ ಗೊತ್ತಾಗದಂತೆ ಅದನ್ನೂ ಹಾಕಲೇ ಎಂದು ಕೇಳಿದೆ. ಆಕೆಗೆ ಅಷ್ಟು ನೋವು ಕೊಟ್ಟಿದ್ದೆನಲ್ಲ, ಇರುವುದನ್ನೆಲ್ಲ ಹಾಕಿಬಿಡಬೇಕು ಅನ್ನಿಸಿತ್ತು ನನಗೆ.

ಅವರು ಕಪ್ಪು ಕೆಳಗಿಟ್ಟರು. "ಅದನ್ನ ನನ್ನ ಕೇಳಬೇಡ. ನೀನೂ ತೀರ್ಮಾನ ಮಾಡಬೇಡ. ಹೋಗಿ ಅವರನ್ನೇ ಕೇಳು."

ಮರುದಿನವೇ ಶಾಲೆಗೆ ಮತ್ತೆ ಹೋದೆ. ಮಕ್ಕಳು ಊಟ ಮುಗಿಸಿ ತರಗತಿಗೆ ಹೋಗಿದ್ದರು. ಆಕೆ ಅಡುಗೆಮನೆಯ ಮುಂದೆ ಕೂತು ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಕೂರಿ ಎಂದು ನಾನೂ ಮೆಟ್ಟಿಲ ಮೇಲೆ ಕೂತೆ. ಬಸ್ಸಿನಲ್ಲಿ ಬರುವಾಗ ಏನೇನೋ ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆ.

"ಅವತ್ತು ನಿಮಗೆ ನಿಜವಾಗ್ಲೂ ನೋವಾಗಿತ್ತು. ನಾನು ನಂಬಲಿಲ್ಲ. ತಪ್ಪು ನಂದು."

ಆಕೆ ಮುಜುಗರದಿಂದ ಮೊರ ಕೆಳಗಿಟ್ಟರು. "ಬುಡಿ ಅಮ್ಮ, ನೀವು ಅಂಗೆಲ್ಲ ಅನ್ಬಾರ್ದು. ಆಗೋಗಿದ್ದು."

ಆಗಿಹೋದದ್ದೇನೋ ನಿಜ. ಆದರೆ ಎರಡು ತಿಂಗಳಿಂದ ಆಕೆ ಅನ್ನ ಹಿಸುಕಿ ನುಂಗುತ್ತಿದ್ದದ್ದು ಅದರಿಂದಲೇ. ಅದನ್ನೂ ಹೇಳಿದೆ. ಆಕೆ ಬೇಳೆಯಲ್ಲಿ ಬೆರಳಾಡಿಸಿದರು.

ಆಮೇಲೆ ನನಗೆ ಗೊತ್ತಿದ್ದ ದಾರಿಗಳನ್ನೆಲ್ಲ ಆಕೆಯ ಮುಂದೆ ಇಟ್ಟೆ. ಮೊದಲು ಕೀವು ಇಳಿಯಲು ಐದು ದಿನ ಮಾತ್ರೆ. ಒಂದು ಇಂಜೆಕ್ಷನ್ ದವಡೆಯ ಹಿಂದಕ್ಕೆ, ಅದಕ್ಕೆ ತುಟಿಯೂ ಅರ್ಧ ನಾಲಿಗೆಯೂ ಎರಡು ಮೂರು ಗಂಟೆ ಜೋಮು ಹಿಡಿಯುತ್ತದೆ. ಇನ್ನೊಂದು ಬೇರೆ ಮದ್ದು, ಹಲ್ಲಿನ ಪಕ್ಕಕ್ಕೆ. ಬೇಕಾದರೆ ಮೂರನೆಯದು ಸಂದಿಗೆ, ಅದು ಚುಚ್ಚುವಾಗ ಸ್ವಲ್ಪ ಬಿಗಿ ಅನ್ನಿಸುತ್ತದೆ. ಕೊನೆಯದು, ಸಂಜೆ ತನಕ ಜೋಮು ಉಳಿಸುವ ಮದ್ದು.

"ಸಂಜೆಗಂಟ ನಾಲ್ಗೆಗೆ ರುಚಿ ಗೊತ್ತಾಗಾಕಿಲ್ವಾ?"

"ಆ ಕಡೆ ಅರ್ಧ ಗೊತ್ತಾಗಲ್ಲ. ಮರೆತು ಕೆನ್ನೆ ಕಚ್ಚಿಕೊಂಡರೂ ಗೊತ್ತಾಗಲ್ಲ."

"ಅದು ಬ್ಯಾಡ" ಎಂದರು ಕೂಡಲೇ. "ಸನಿವಾರ ಅರ್ಧ ದಿನ ಇಸ್ಕೂಲು. ಅಡಿಗೆ ಮುಗಿಸ್ಬುಟ್ಟು ಬತ್ತೀನಿ. ಸಂಜೀಕೆ ಮನ್ಯಾಗೆ ಮುದ್ದೆ ತೊಳಸ್ಬೇಕು, ಸಾರಿಗೆ ಉಪ್ಪು ನೋಡ್ಬೇಕು. ಕಿತ್ ಮ್ಯಾಲಿನ ನೋವು ನಾನು ತಡಕಂತೀನಿ, ಮಾತ್ರೆ ಕೊಡಿ ಸಾಕು. ಕೀಳೋವಾಗ ನೋಯ್ಬಾರ್ದು, ಅಷ್ಟೆ."

ಮೊರವನ್ನು ಮತ್ತೆ ಎತ್ತಿಕೊಂಡು, "ಬಾಯ್ ತುಂಬ ನಿಮ್ ಸಾಮಾನು ಇರ್ತದೆ, ಮಾತಾಡಾಕಾಗಲ್ಲ. ಕೈ ಎತ್ತಿದ್ರೆ ನಿಲ್ಲಿಸ್ತೀರಾ?" ಎಂದು ಕೇಳಿದರು.

"ನಿಲ್ಲಿಸ್ತೀನಿ."

"ಎಷ್ಟು ಸಲ ಎತ್ತಿದ್ರೂ?"

"ಎಷ್ಟು ಸಲ ಎತ್ತಿದ್ರೂ."

ಶನಿವಾರ ಮಧ್ಯಾಹ್ನ ಆಕೆ ಹಿರಿಯಾಕೆಯನ್ನು ಜೊತೆಗೆ ಕರೆದುಕೊಂಡು ಬಂದರು. ಬರುವಾಗ ತಲೆ ಬಾಚಿ ಒಗೆದ ಸೀರೆ ಉಟ್ಟಿದ್ದರು. ಐದು ದಿನದ ಮಾತ್ರೆಗೆ ಒಸಡಿನ ಊತ ಇಳಿದಿತ್ತು. ಬಿಪಿ ನೋಡಿದೆ, ಸ್ವಲ್ಪ ಹೆಚ್ಚಿತ್ತು. ಮೆಟ್ಟಿಲು ಹತ್ತಿ ಬಂದದ್ದು, ಜೊತೆಗೆ ಹೆದರಿಕೆ. ಇಬ್ಬರಿಗೂ ನೀರು ಕೊಟ್ಟು ಕಾಲು ಗಂಟೆ ಫ್ಯಾನಿನ ಕೆಳಗೆ ಕೂರಿಸಿದೆ. ಮತ್ತೆ ನೋಡಿದಾಗ ಇಳಿದಿತ್ತು. ಹೊರಗೆ ನಾಲ್ಕು ಜನ ಕಾಯುತ್ತಿದ್ದರು. ಅವರಲ್ಲೊಬ್ಬರು ಕೊರಟಗೆರೆ ಕಡೆಯಿಂದ ಬಂದವರು, ಬಸ್ಸಿನ ಹೊತ್ತಾಯಿತು ಎಂದು ಬಾಗಿಲಿಗೆ ಎರಡು ಸಲ ಬಂದು ಇಣುಕಿದರು. ಮುಂಚಿನ ನಾನಾಗಿದ್ದರೆ ಆ ಇಣುಕುವಿಕೆಗೇ ಕೈ ಚುರುಕಾಗುತ್ತಿತ್ತು.

ಒಸಡಿಗೆ ಜೋಮಿನ ಜೆಲ್ಲು ಸವರಿ, ಮೊದಲ ಇಂಜೆಕ್ಷನ್ ನಿಧಾನವಾಗಿ ಹಾಕಿದೆ. ಗೋಡೆಯ ಗಡಿಯಾರ ನೋಡಿಕೊಂಡು ಕಾದೆ. ಐದು ನಿಮಿಷಕ್ಕೆ ತುಟಿ ದಪ್ಪ ಅಂದರು. ಹತ್ತು ನಿಮಿಷಕ್ಕೆ ನಾಲಿಗೆಯ ಎಡಭಾಗ ಇಲ್ಲವೇ ಇಲ್ಲ ಅನ್ನಿಸ್ತದೆ ಅಂದರು. ಹದಿನೈದು ನಿಮಿಷವಾದ ಮೇಲೆ ಚೂಪಾದ ಕಡ್ಡಿಯಿಂದ ಒಸಡನ್ನು ಸುತ್ತಲೂ ಮುಟ್ಟಿ ನೋಡಿದೆ. ಕೆನ್ನೆಯ ಕಡೆ ಮುಟ್ಟಿದಾಗ ಆಕೆಯ ಕೈ ಎದ್ದಿತು.

ಕಡ್ಡಿ ತೆಗೆದೆ. "ಚುಚ್ಚಿದಂಗಾಯ್ತಾ?"

ಆಕೆ ತಲೆಯಾಡಿಸಿದರು. ನನ್ನ ಮುಖವನ್ನೇ ನೋಡುತ್ತಿದ್ದರು. ಈ ಸಲ ನಾನು ಏನು ಹೇಳುತ್ತೇನೆ ಎಂದು ನೋಡುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು.

"ಸರಿ. ಇನ್ನೊಂದು ಹಾಕ್ತೀನಿ" ಎಂದೆ.

ಹಲ್ಲಿನ ಪಕ್ಕಕ್ಕೆ ಆರ್ಟಿಕೇನ್ ಹಾಕಿದೆ. ಮತ್ತೆ ಕಾದೆ. ಈಗ ಒಸಡು ಸುತ್ತಲೂ ಸುಮ್ಮನಾಗಿತ್ತು. ಮೆಲ್ಲಗೆ ಹಲ್ಲನ್ನು ಅಲುಗಿಸಿದೆ. ಕೈ ಮತ್ತೆ ಎದ್ದಿತು, ಆದರೆ ಈ ಸಲ ಅರ್ಧಕ್ಕೆ, ಎತ್ತಲೋ ಬೇಡವೋ ಎಂಬಂತೆ. ನಾನು ಅಲುಗಿಸುವುದನ್ನು ನಿಲ್ಲಿಸಿದೆ. ನೋವು ಸ್ವಲ್ಪವೇ ಇದ್ದರೆ ಹೇಳಬಹುದೋ ಬಾರದೋ ಎಂಬ ಅನುಮಾನ ಅದು. ಆ ಅನುಮಾನ ಹಾಕಿಕೊಟ್ಟವಳು ನಾನೇ.

"ಪೂರ್ತಿ ಎತ್ತಿ ಅಮ್ಮ. ಸ್ವಲ್ಪ ನೋವಾದ್ರೂ ನೋವೇ."

ಆಕೆ ಕೈ ಪೂರ್ತಿ ಎತ್ತಿದರು. ನಾನು ಸಲಕರಣೆ ಕೆಳಗಿಟ್ಟು, ಸಣ್ಣ ಸೂಜಿಯನ್ನು ಬೇರಿನ ಸಂದಿಗೆ ಇಳಿಸಿ ಹನಿಹನಿಯಾಗಿ ಮದ್ದು ಬಿಟ್ಟೆ. ಒತ್ತಿ ತಳ್ಳಬೇಕು, ಬೆರಳು ನೋಯುತ್ತದೆ. ಹಿರಿಯಾಕೆ ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕೂತು ಎಲ್ಲ ನೋಡುತ್ತಿದ್ದರು. ಕೊರಟಗೆರೆಯವರು ಮೂರನೇ ಸಲ ಇಣುಕಿದಾಗ, "ಒಸಿ ತಡೀರಿ ಸೋಮಿ, ಹಲ್ಲು ಕೀಳಾದು ಅಂದ್ರೆ ಮೂಲಂಗಿ ಕೀಳಾದಾ" ಎಂದು ಅವರನ್ನು ವಾಪಸ್ಸು ಕಳಿಸಿದರು. ಕುರ್ಚಿಯಲ್ಲಿದ್ದ ಆಕೆಗೆ ನಗು ಬಂತು. ಒಂದೇ ಕಡೆ ನಗು, ಇನ್ನೊಂದು ಕಡೆ ತುಟಿ ಅಲುಗಲಿಲ್ಲ.

ಆಮೇಲೆ ಮುಟ್ಟಿದೆ, ಅಲುಗಿಸಿದೆ, ಇಕ್ಕಳ ಹಾಕಿದೆ. ಕೈ ತೊಡೆಯ ಮೇಲೆಯೇ ಇತ್ತು. ಎರಡು ಬೇರಿನ ಹಲ್ಲು, ಒಂದು ಬೇರು ಸ್ವಲ್ಪ ಡೊಂಕಾಗಿತ್ತು. ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ಆಡಿಸಿ ಸಡಿಲ ಮಾಡುತ್ತಿರುವಾಗ ಆಕೆ ಕೈ ಎತ್ತಿದರು. ನಿಲ್ಲಿಸಿ ಬಾಯಿಂದ ಇಕ್ಕಳ ತೆಗೆದೆ.

"ನೋವಾ?"

"ಇಲ್ಲಮ್ಮ." ನಾಲಿಗೆ ತೊದಲುತ್ತಿತ್ತು. "ಒತ್ತೋದು ಅಂದ್ರೆ ಇದಾ?"

"ಇದೇ."

ಆಕೆ ಮೇಲಿನ ದೀಪ ನೋಡಿದರು. "ಅಂಗಾರೆ ಆವತ್ತಿಂದು ನೋವೇ" ಎಂದರು. ನನಗೆ ಹೇಳಿದ್ದಲ್ಲ ಅದು, ತಮಗೆ ತಾವೇ ಹೇಳಿಕೊಂಡದ್ದು. ಆಮೇಲೆ ಬಾಯಿ ತೆರೆದರು.

ಹಲ್ಲು ಬಂತು. ಹತ್ತಿ ಇಟ್ಟು ಕಚ್ಚಿ ಹಿಡಿಯಲು ಹೇಳಿದೆ. ಒಂದು ಇಂಜೆಕ್ಷನ್ನಿಗೆ ಆಗುವ ಕೆಲಸಕ್ಕೆ ಮೂರು ಬೇಕಾಯಿತು, ಕಾಲು ಗಂಟೆಯ ಕೆಲಸ ಒಂದು ಗಂಟೆಯ ಮೇಲೆ ಹಿಡಿಯಿತು. ಅಷ್ಟೆ. ಅಷ್ಟನ್ನು ನಾನು ಎರಡು ವರ್ಷದ ಹಿಂದೆ ಕೊಟ್ಟಿರಲಿಲ್ಲ.

ಸಂಜೆ ಏಳರ ಹೊತ್ತಿಗೆ ಅವರ ಮಗಳ ನಂಬರಿಗೆ ಫೋನು ಮಾಡಿದೆ. ಮುದ್ದೆ ತೊಳಸುತ್ತಿದ್ದಾರೆ ಎಂದಳು ಮಗಳು. ಮಾತ್ರೆ ನುಂಗಿದ್ದಾರೆ, ಗಾಯ ಸ್ವಲ್ಪ ಸೆಳೆಯುತ್ತಿದೆಯಂತೆ, ನಾಲಿಗೆ ಸರಿ ಹೋಗಿದೆ, ಆದರೆ ಸಾರಿಗೆ ಉಪ್ಪು ಎರಡು ಸಲ ಹಾಕಿಬಿಟ್ಟರು ಎಂದು ನಕ್ಕಳು.

ವಾರದ ಮೇಲೆ ಗಾಯ ತೋರಿಸಲು ಆಕೆ ಒಬ್ಬರೇ ಬಂದರು. ಚೆನ್ನಾಗಿ ಮಾಗುತ್ತಿತ್ತು. ಹೊರಡಲು ಎದ್ದವರು ಬಾಗಿಲ ಹತ್ತಿರ ನಿಂತರು.

"ಒಂದು ಕೇಳ್ಲಾ ಅಮ್ಮ? ಆವತ್ತೇ ಇಂಗೆ ಮಾಡ್ಬೋದಾಗಿತ್ತಾ?"

ಜನ ಜಾಸ್ತಿ ಇದ್ದರು, ಆರ್ಟಿಕೇನ್ ಆಗ ನಾನು ತರಿಸುತ್ತಿರಲಿಲ್ಲ, ಕೀವು ಇತ್ತು. ಇಂಥ ಉತ್ತರಗಳು ನನ್ನ ಹತ್ತಿರ ಸಾಲಾಗಿ ಇದ್ದವು. ಒಂದೂ ಸುಳ್ಳಲ್ಲ.

"ಮಾಡಬಹುದಿತ್ತು" ಎಂದೆ.

ಆಕೆ ತಲೆಯಾಡಿಸಿದರು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ, ಮುಖ ಗಂಟಿಕ್ಕಲೂ ಇಲ್ಲ. "ಬತ್ತೀನಿ" ಎಂದು ಮೆಟ್ಟಿಲಿಳಿದರು.

ಈಗ ನಾನು ದಿನಕ್ಕೆ ನೋಡುವ ಜನ ಕಡಿಮೆ. ಸಂತೆಯ ದಿನ ಕೆಲವರು ಕಾದು ಬೇಸತ್ತು ಬೇರೆ ಕಡೆ ಹೋಗುತ್ತಾರೆ. ಆ ಡಾಕ್ಟ್ರಮ್ಮ ಬಲು ನಿಧಾನ ಎಂದು ಕೆಳಗಿನ ಬಟ್ಟೆ ಅಂಗಡಿಯವರ ಹತ್ತಿರ ದೂರು ಹೇಳಿದವರೂ ಇದ್ದಾರೆ. ಅಂಗಡಿಯವರು ಅದನ್ನು ನನಗೆ ಮುಟ್ಟಿಸಿದಾಗ ಮೊದಮೊದಲು ಚುರುಕ್ ಅನ್ನುತ್ತಿತ್ತು. ಎಲ್ಲರಿಗೂ ಮೂರು ಇಂಜೆಕ್ಷನ್ ಬೇಕಾಗುವುದಿಲ್ಲ. ಹೆಚ್ಚಿನವರಿಗೆ ಮೊದಲನೆಯದೇ ಸಾಕು. ಒಸಡಿಗೆ ಸೂಜಿ ಮುಟ್ಟಿಸುವ ಮುನ್ನ ಎಲ್ಲರಿಗೂ ಕೈ ಎತ್ತುವುದನ್ನು ಮಾತ್ರ ಹೇಳಿಕೊಡುತ್ತೇನೆ. ಸುಮ್ಮನೆ ಪರೀಕ್ಷಿಸಲು ಎತ್ತಿ ನೋಡುವವರೂ ಇದ್ದಾರೆ. ನಿಲ್ಲಿಸುತ್ತೇನೆ.

ಮೂರು ತಿಂಗಳ ಹಿಂದೆ ಪಾವಗಡದ ಕಡೆಯಿಂದ ಒಬ್ಬ ಹೆಂಗಸು ಬಂದರು. ಕ್ಯಾತಗಾನಚೆರ್ಲು ಎಂಬ ಊರಿಗೆ ಮದುವೆ ಮಾಡಿಕೊಟ್ಟ ತಂಗಿಯಂತೆ, ಪುರವರದ ಆಕೆಯ ಒಡಹುಟ್ಟಿದವರು. ಮೂರು ಹಲ್ಲು ಹುಳುಕಾಗಿ ಎರಡು ವರ್ಷವಾಗಿತ್ತು. ಹಿಂದೊಮ್ಮೆ ಎಲ್ಲೋ ತೆಗೆಸಲು ಹೋಗಿ ನೋವು ತಾಳದೆ ಅರ್ಧದಲ್ಲೇ ಎದ್ದು ಬಂದಿದ್ದರಂತೆ. ಅವತ್ತಿನಿಂದ ಮನೆಯಲ್ಲಿ ಎಲ್ಲರೂ ಆಕೆಯನ್ನು ಹೆದರುಪುಕ್ಕಲಿ ಎಂದೇ ಆಡಿಕೊಳ್ಳುತ್ತಿದ್ದರು.

ಕುರ್ಚಿಯಲ್ಲಿ ಕೂತ ಕೂಡಲೇ, ಮಾತಿಗೊಂದು ತೆಲುಗು ಪದ ಸೇರಿಸುತ್ತಾ, "ಏಮ್ಮಾ, ನಂದೂ ಅಕ್ಕನ ದವಡೇನೇ. ಸೂಜಿ ಹಿಡಿಯಲ್ಲ ಅಂತ ಮುಂದಾಗೇ ಹೇಳ್ಬುಡು ಅಂದ್ಳು ಅಕ್ಕ. ಅದ್ಕೇ ಹೇಳ್ತಿದೀನಿ" ಎಂದರು.

ಅಕ್ಕತಂಗಿಯರಿಗೆ ಇಬ್ಬರಿಗೂ ಹೀಗಿರಬಹುದೇ ಎಂದು ನನಗೆ ಖಚಿತವಾಗಿ ಗೊತ್ತಿರಲಿಲ್ಲ. ಶಿರಾದವರಿಗೆ ಫೋನು ಮಾಡಿ ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. "ಇರಬಹುದು ಬೇಟಿ. ಅವರು ಹೇಳ್ತಿದಾರಲ್ಲ" ಎಂದರು.

ಬಿಪಿ ನೋಡಿದೆ, ಸರಿಯಾಗಿತ್ತು. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಅಕ್ಕನ ಮನೆಯಲ್ಲೇ ಉಳಿಯುವುದು, ಆತುರವೇನಿಲ್ಲ ಎಂದರು. ನಾನು ಕೈ ತೊಳೆದುಕೊಂಡು, ಅವರ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕುಳಿತೆ.